ಎಮಿಲ್ ಹೊಗಳಿದ ಮೊಣಕಾಲು

ಎಮಿಲ್ ಹ್ರುಷ್ಕಾ ಬಂದು ಬಾಗಿಲು ತಟ್ಟಿದರೆ ಉಸಿರು ಬಿಗಿಹಿಡಿದು ಕೂತುಬಿಡಿ, ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಹೊರಟುಹೋಗಲಿ ಎಂದು ನಮ್ಮ ಬೀದಿಯವರು ಹೇಳಿಕೊಂಡು ನಗುತ್ತಿದ್ದರು. ಮದುವೆಯೂಟದಲ್ಲಿ ಅವನು ಕಣ್ಣಿಗೆ ಬಿದ್ದರೆ ಸಾಕು, ಯಾರಾದರೊಬ್ಬರು ಹೆಗಲ ಮೇಲೆ ಕೈಹಾಕಿ, "ಎಮಿಲ್, ನಮ್ಮ ಅಳಿಯನ ಬಾಗಿಲೂ ಒಂದ್ಸಲ ತಟ್ಟಿ ಹೋಗಪ್ಪ. ಮೂರು ವರ್ಷದಿಂದ ನಮ್ಮನೇಲೇ ಬಿದ್ದಿದಾನೆ" ಅನ್ನುತ್ತಿದ್ದರು. ಎಮಿಲ್ ನಗುತ್ತಿರಲಿಲ್ಲ, ಸಿಟ್ಟೂ ಮಾಡಿಕೊಳ್ಳುತ್ತಿರಲಿಲ್ಲ. ಬಿಯರ್ ಲೋಟವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದ, ಅಷ್ಟೆ.

ಸರೋವರದ ದಂಡೆಯ ನಮ್ಮೂರು ಆಷ್ಬಿ ಹಾರ್ಬರಿನಲ್ಲಿ ಉಕ್ಕಿನ ಕುಲುಮೆಗಳು ಆರಿ, ಅದಿರಿನ ಹಡಗುಗಳು ಬರುವುದು ನಿಂತ ಮೇಲೆ ಉಳಿದದ್ದು ಎರಡೇ. ಒಂದು ಚರ್ಚು, ಇನ್ನೊಂದು ಬಾರ್ಜ್‌ಮೆನ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದ್ದು. ಭಾನುವಾರ ಬೆಳಿಗ್ಗೆ ಚರ್ಚಿಗೆ ಅರ್ಧ ಊರು ಹೋಗುತ್ತಿತ್ತು. ಮಧ್ಯಾಹ್ನ ಒಂದು ಗಂಟೆಗೆ ಆಟ ಶುರುವಾದರೆ ಪಾದ್ರಿಯೂ ಸೇರಿ ಇಡೀ ಊರು ಅಲ್ಲಿರುತ್ತಿತ್ತು. ಬೇಸಿಗೆಯಲ್ಲಿ ತೊಂಬತ್ತು ಜನ ಹುಡುಗರು ಈ ತಂಡ ಸೇರಲು ಬರುತ್ತಾರೆ. ಬೇಸಿಗೆ ಮುಗಿಯುವಾಗ ಐವತ್ತಮೂರು ಮಂದಿಯನ್ನು ಇಟ್ಟುಕೊಂಡು ಉಳಿದವರನ್ನು ಕಳಿಸುತ್ತಾರೆ. ಹಾಗೆ ಕಳಿಸುವವರ ಬಾಗಿಲಿಗೆ ಬೆಳಿಗ್ಗೆ ಆರು ಗಂಟೆಗೆ ಹೋಗಿ ನಿಲ್ಲುವುದು ಎಮಿಲ್‌ನ ಕೆಲಸ. "ಕೋಚ್ ಕರೀತಿದ್ದಾರೆ. ಪುಸ್ತಕ ತಗೊಂಡ್ ಬಾ." ಮಾತು ಇಷ್ಟೇ. ಪುಸ್ತಕವೆಂದರೆ ತಂಡದ ಆಟದ ಗುಟ್ಟುಗಳನ್ನು ಬರೆದಿಟ್ಟ ದಪ್ಪ ಕಡತ. ಅದನ್ನು ವಾಪಸು ಕೇಳಿದರೆಂದರೆ ಕೆಲಸ ಹೋಯಿತು, ಊರು ಬಿಡು ಎಂದರ್ಥ.

ಈ ಕೆಲಸವನ್ನು ಎಮಿಲ್ ಕೇಳಿ ಪಡೆದವನಲ್ಲ. ಅವನು ತಂಡದ ಬೆವರುಬಟ್ಟೆಗಳನ್ನು ಲಾಂಡ್ರಿಗೆ ಸಾಗಿಸುವ ವ್ಯಾನು ಓಡಿಸುತ್ತಿದ್ದ. ಒಂದು ವರ್ಷ ಬಾಗಿಲು ತಟ್ಟುವವನಿಗೆ ಹೊಡೆತ ಬಿದ್ದು ಮೂಗು ಮುರಿಯಿತು. ಆಗಿನ ಮ್ಯಾನೇಜರ್ ಸುತ್ತ ನೋಡಿ, "ಆ ಹ್ರುಷ್ಕಾನ ದನಿ ಮೆತ್ತಗಿದೆ, ಅವನನ್ನ ಕಳಿಸಿ" ಅಂದ. ಮೆತ್ತನೆ ದನಿಯ ತಪ್ಪಿಗೆ ಎಮಿಲ್ ಇಪ್ಪತ್ತಾರು ವರ್ಷ ಬಾಗಿಲು ತಟ್ಟಿದ. ಬಾಗಿಲು ತೆರೆದ ಹುಡುಗ ಇವನ ಮುಖ ನೋಡಿದ ಕೂಡಲೇ ಬೆಳ್ಳಗಾಗುವುದನ್ನು ಕಂಡ. ಒಬ್ಬ ವಾಂತಿ ಮಾಡಿಕೊಂಡ. ಇನ್ನೊಬ್ಬ ಮಂಚದ ಕೆಳಗೆ ಅಡಗಿದ. ನೂರಾಮೂವತ್ತು ಕಿಲೋ ತೂಗುವ ಗಂಡಸು ಅವನು, ಅರ್ಧ ಮೈ ಹೊರಗೇ ಇತ್ತು. ಎಮಿಲ್ ಅವನ ಕಾಲ ಬಳಿ ಕೂತು, ಅವನು ತಾನಾಗಿ ಹೊರಬರುವ ತನಕ ಕಾದ.

ಹೆಂಡತಿ ಇರ್ಮಾಳ ಬಳಿ ಮಾತ್ರ ಮನಸ್ಸು ಬಿಚ್ಚುತ್ತಿದ್ದ. "ಹುಡುಗರನ್ನ ಚಡ್ಡೀಲಿ ನಿಲ್ಲಿಸಿ ತೂಕ ಹಾಕ್ತಾರೆ ಕಣೆ. ಅಂಗೈ ಎಷ್ಟಗಲ ಅಂತ ಅಳೀತಾರೆ. ಬಾಯಿ ತೆಗೆಸಿ ಹಲ್ಲು ನೋಡೋದೊಂದು ಬಾಕಿ. ನೋಡ್ತಾ ನಿಂತ್ರೆ ಮೈಯೆಲ್ಲ ಜಿಗುಟಾದ ಹಾಗಾಗತ್ತೆ."

"ಹಾಗಿದ್ರೆ ಬಿಟ್ಬಿಡಿ."

"ಬಿಟ್ರೆ ಬೇರೆ ಯಾವನನ್ನೋ ಕಳಿಸ್ತಾರೆ. ಅವನು ನಗ್ತಾ ಹೇಳ್ತಾನೆ."

ಅವನಿಗೆ ತನ್ನದೇ ಆದ ಒಂದು ನೇಮವಿತ್ತು. ಯಾವ ಆಟಗಾರನ ಮನೆಯಲ್ಲೂ ಕೂರುವುದಿಲ್ಲ, ಒಂದು ಲೋಟ ನೀರನ್ನೂ ಮುಟ್ಟುವುದಿಲ್ಲ. ನಾಳೆ ತಟ್ಟಬೇಕಾಗಬಹುದಾದ ಬಾಗಿಲೊಳಗೆ ಇವತ್ತು ತಿಂದು ಬಂದರೆ ಆ ಅನ್ನ ಗಂಟಲಲ್ಲೇ ನಿಲ್ಲುತ್ತದೆ ಅನ್ನುತ್ತಿದ್ದ. ಆ ನೇಮ ಮುರಿದದ್ದು ಒಬ್ಬನ ವಿಷಯದಲ್ಲಿ ಮಾತ್ರ.

ಆತ ಲಮಾರ್ ಪೆಟಿಗ್ರೂ. ದಕ್ಷಿಣದ ಸೌತ್ ಕ್ಯಾರೊಲಿನಾದಿಂದ ಬಂದ ಕಪ್ಪು ಹುಡುಗ, ರಿಸೀವರ್ ಆಟಗಾರ. ಎಸೆಯುವವನು ದೂರಕ್ಕೆ ಎಸೆದ ಚೆಂಡನ್ನು, ಎದುರಾಳಿಗಳು ಮೈಮೇಲೆ ಬೀಳುತ್ತಿದ್ದರೂ ಓಡಿ ಹಿಡಿಯಬೇಕಾದವನು. ಬಂದ ವರ್ಷ ಹೋಟೆಲಿನಲ್ಲಿ ಜಾಗವಿಲ್ಲದೆ ಎಮಿಲ್‌ನ ಮನೆಯ ಮಹಡಿ ಕೋಣೆಯಲ್ಲಿ ಉಳಿದ. ಇವನೇನು ನಿಲ್ಲುವವನಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಹದಿಮೂರು ವರ್ಷ ನಿಂತ. ಸರೋವರದ ದಂಡೆಯಲ್ಲಿ ದೊಡ್ಡ ಮನೆ ಕಟ್ಟಿಸಿದ ಮೇಲೂ ಅವನಿಗೆ ಎಮಿಲ್ "ಮಿಸ್ಟರ್ ಎಮಿಲ್", ಇರ್ಮಾ "ಮಿಸ್ ಇರ್ಮಾ". ಅವನೂರಿನಲ್ಲಿ ಹಿರಿಯರನ್ನು ಬರೀ ಹೆಸರು ಹಿಡಿದು ಕರೆದರೆ ತಾಯಂದಿರು ಬಾಯಿಗೆ ಬಡಿಯುತ್ತಾರಂತೆ. ಊರಿನಲ್ಲಿದ್ದ ಪ್ರತಿ ಶುಕ್ರವಾರವೂ ಅವನ ಊಟ ಇರ್ಮಾಳ ಮೇಜಿನಲ್ಲಿ. ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು, ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ಎಮಿಲ್‌ಗೂ ಅವನ ಮನೆಯ ಅಡುಗೆಕೋಣೆಯಲ್ಲಿ ಒಂದು ಕುರ್ಚಿ ಇತ್ತು.

ಲಮಾರ್‌ಗೆ ಮೂವತ್ತನಾಲ್ಕು ತುಂಬಿದ ಆ ಚಳಿಗಾಲ ತಂಡ ಕೊನೆಯ ಆಟದಲ್ಲಿ ಸೋತಿತು. ಊರಿಗೆ ಒಂದೇ ಮಾತು ಉಳಿಯಿತು: ಪೆಟಿಗ್ರೂನನ್ನು ಇಟ್ಟುಕೊಳ್ಳಬೇಕೋ, ಬಿಡಬೇಕೋ. ಅವನ ಸಂಬಳ ವರ್ಷಕ್ಕೆ ಒಂದು ಕೋಟಿ ನಲವತ್ತು ಲಕ್ಷ ಡಾಲರ್. ಮಾರ್ಚ್ ಹದಿನೆಂಟರ ಸಂಜೆ ನಾಲ್ಕು ಗಂಟೆಗೆ ಅವನು ತಂಡದಲ್ಲಿದ್ದರೆ ಅಷ್ಟನ್ನೂ ಕೊಡಲೇಬೇಕು. ಅದಕ್ಕೆ ಮೊದಲು ಕಳಿಸಿದರೆ ಒಂದು ಡಾಲರೂ ಇಲ್ಲ.

"ಮೂವತ್ನಾಲ್ಕು ವರ್ಷದ ಕಾಲಿಗೆ ಅಷ್ಟು ದುಡ್ಡಾ?" ಎಂದು ವಾಲ್ಟ್ ಸಡೋಸ್ಕಿ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಕೇಳಿದ. ವಾಲ್ಟ್ ಎಮಿಲ್‌ನ ಪಕ್ಕದ ಮನೆಯವನು. ತನ್ನ ಗ್ಯಾರೇಜಿನ ಬಾಗಿಲಿನ ತುಂಬ ಪೆಟಿಗ್ರೂನ ಅಂಗಿಯ ಎಂಬತ್ತಮೂರನೇ ನಂಬರನ್ನು ಆಳೆತ್ತರಕ್ಕೆ ಬಳಿಸಿಕೊಂಡವನು. "ಆ ದುಡ್ಡಲ್ಲಿ ಎರಡು ಗಟ್ಟಿ ಹುಡುಗರು ಬರ್ತಾರೆ. ಮುದಿಯೆತ್ತಿಗೆ ಹುಲ್ಲು ಹಾಕ್ತಾ ಕೂತ್ರೆ ಹೊಲ ಯಾರು ಉಳ್ತಾರೆ?"

"ಹೋದ ವರ್ಷ ನೀನೇ ಅವನ ಅಂಗಿ ಹಾಕ್ಕೊಂಡು ಕುಣೀತಿದ್ದೆ" ಎಂದ ಎಮಿಲ್.

"ಹೋದ ವರ್ಷ ಗೆದ್ದಿದ್ವಲ್ಲ."

ಹೀಗೆ ಊರು ಬಾಯಿ ಚಪ್ಪರಿಸುತ್ತಿರುವಾಗ ಫೆಬ್ರವರಿಯ ಒಂದು ಬೆಳಿಗ್ಗೆ ಹೊಸ ಮ್ಯಾನೇಜರ್ ಕಿಪ್ ರೆನ್‌ಫ್ರೂ ಎಮಿಲ್‌ನನ್ನು ಕೋಣೆಗೆ ಕರೆಸಿದ. ರೆನ್‌ಫ್ರೂಗೆ ಮೂವತ್ತಾರು. ಸಾಕ್ಸ್ ಇಲ್ಲದೆ ಬೂಟು ಹಾಕುತ್ತಿದ್ದ. ಯಾರ ಜೊತೆ ಮಾತಾಡುವಾಗಲೂ ಪ್ಲಾಸ್ಟಿಕ್ ಡಬ್ಬಿಯಿಂದ ಮೊಸರನ್ನು ಕೆರೆದು ಕೆರೆದು ತಿನ್ನುತ್ತಿದ್ದ, ಚಮಚವನ್ನು ಎರಡೂ ಕಡೆ ನೆಕ್ಕುತ್ತಿದ್ದ. ಅವತ್ತು ಎದ್ದು ನಿಂತು ಎಮಿಲ್‌ಗೆ ಕುರ್ಚಿ ಎಳೆದುಕೊಟ್ಟ.

"ಎಮಿಲ್, ಈ ಕಟ್ಟಡದಲ್ಲಿ ಎಲ್ಲರಿಗಿಂತ ಹಳಬರು ನೀವು. ಲಮಾರ್ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು? ಇಟ್ಕೊಳ್ಳೋಣ್ವಾ?"

ಇಪ್ಪತ್ತಾರು ವರ್ಷದಲ್ಲಿ ಯಾರೂ ಎಮಿಲ್‌ನ ಅಭಿಪ್ರಾಯ ಕೇಳಿರಲಿಲ್ಲ. ಯಾರ ಬಾಗಿಲು ಎಂದು ಚೀಟಿ ಕೊಡುತ್ತಿದ್ದರು, ಹೋಗುತ್ತಿದ್ದ. ಈಗ ಮೊದಲ ಬಾರಿಗೆ ಒಂದು ಬಾಗಿಲನ್ನು ತಟ್ಟದಂತೆ ತಡೆಯುವ ಅವಕಾಶ ತನ್ನ ಕೈಗೆ ಬಂದಿದೆ ಅನ್ನಿಸಿತು. ಅವನ ಎದೆ ಉಬ್ಬಿತು. ಇದನ್ನು ನೆನೆದಾಗಲೆಲ್ಲ ಮುಂದೆ ಅವನಿಗೆ ಅತಿ ಹೆಚ್ಚು ಅಸಹ್ಯವಾಗುತ್ತಿದ್ದದ್ದು ಆ ಉಬ್ಬಿದ ಎದೆಯೇ.

ನಮ್ಮೂರಿನಲ್ಲಿ ಗಂಡಸನ್ನು ಹೊಗಳುವ ರೀತಿ ಒಂದೇ. ಎಮಿಲ್‌ನ ಅಪ್ಪ ಮುರಿದ ಪಕ್ಕೆಲುಬು ಇಟ್ಟುಕೊಂಡೇ ಹಡಗುಕಟ್ಟೆಯಲ್ಲಿ ಪಾಳಿ ಮುಗಿಸಿದ ಎಂದು ಅವನ ಸಾವಿನ ದಿನ ಪಾದ್ರಿ ಹೇಳಿದಾಗ ಇಡೀ ಚರ್ಚು ತಲೆದೂಗಿತ್ತು. ಎಷ್ಟು ಕೆಲಸ ಮಾಡಿದ ಅನ್ನುವುದು ನಮಗೆ ದೊಡ್ಡದಲ್ಲ. ಎಷ್ಟು ನೋವು ನುಂಗಿಕೊಂಡು ಮಾಡಿದ ಅನ್ನುವುದು ದೊಡ್ಡದು. ಎಮಿಲ್‌ಗೆ ಗೊತ್ತಿದ್ದ ಹೊಗಳಿಕೆ ಅದೊಂದೇ. ಅದನ್ನೇ ಹೊಗಳಿದ.

"ಸಾರ್, ಅಂಥವನು ಇನ್ನೊಬ್ಬ ಸಿಗಲ್ಲ" ಎಂದ. "ಆಟದ ತಿಂಗಳುಗಳಲ್ಲಿ ನಾನೇ ಅವನನ್ನ ಬೆಳಿಗ್ಗೆ ಸರೋವರಕ್ಕೆ ಕರ್ಕೊಂಡು ಹೋಗ್ತೀನಿ. ಎದೆಮಟ್ಟ ತಣ್ಣೀರಲ್ಲಿ ಅರ್ಧ ಗಂಟೆ ನಿಲ್ತಾನೆ. ಎಡ ಮೊಣಕಾಲು ತುಕ್ಕು ಹಿಡಿದ ಗೇಟಿನ ಹಾಗೆ, ಒಂಬತ್ತು ಗಂಟೆ ತನಕ ಮಡಚೋಕೇ ಬರಲ್ಲ. ಮೆಟ್ಟಿಲನ್ನ ಹಿಂದುಮುಂದಾಗಿ ಇಳೀತಾನೆ. ಹತ್ತು ಗಂಟೆಗೆ ಅಭ್ಯಾಸದ ಮೈದಾನದಲ್ಲಿ ನೋಡಿ, ಇಪ್ಪತ್ತೆರಡರ ಹುಡುಗರನ್ನ ಹಿಂದೆ ಹಾಕ್ತಾನೆ. ಒಂದು ದಿನವೂ ಒಂದು ನರಪಿಳ್ಳೆಗೂ ಹೇಳಿದವನಲ್ಲ. ಡಾಕ್ಟ್ರಿಗೂ ಹೇಳಿಲ್ಲ. ಇಂಥವನಿಗೆ ದುಡ್ಡು ಕೊಡದೆ ಇನ್ಯಾರಿಗೆ ಕೊಡ್ತೀರಿ?"

ರೆನ್‌ಫ್ರೂನ ಚಮಚ ಡಬ್ಬಿಯಲ್ಲಿ ನಿಂತಿತು. "ಡಾಕ್ಟ್ರಿಗೂ ಹೇಳಿಲ್ವಾ?"

"ಇಲ್ಲ ಸಾರ್. ಅಂಥ ಗಂಡಸು."

"ಎಷ್ಟು ದಿನದಿಂದ ಹೀಗೆ?"

"ಎರಡು ವರ್ಷ ಆಯ್ತು. ಮೇಲಾಗಿರಬಹುದು."

"ಥ್ಯಾಂಕ್ಸ್ ಎಮಿಲ್. ತುಂಬಾ ಉಪಕಾರ ಆಯ್ತು" ಎಂದು ರೆನ್‌ಫ್ರೂ ಬಾಗಿಲ ತನಕ ಬಂದು ಕೈಕುಲುಕಿದ. ಅವನ ಅಂಗೈ ಒದ್ದೆಯಾಗಿತ್ತು, ಮೊಸರಿನದೋ ಬೆವರಿನದೋ.

ಆ ವಾರ ಕಳೆಯಲಿಲ್ಲ. ವಾಲ್ಟ್‌ನ ಗ್ಯಾರೇಜಿನಲ್ಲಿ ಹಿಮ ತಳ್ಳುವ ಯಂತ್ರ ರಿಪೇರಿಯಾಗುತ್ತಿತ್ತು, ಎಮಿಲ್ ಸ್ಪ್ಯಾನರು ಹಿಡಿದು ನಿಂತಿದ್ದ. ರೇಡಿಯೋದಲ್ಲಿ ದಿನವಿಡೀ ಆಟದ ಬಗ್ಗೆ ಅರಚುವವನೊಬ್ಬ ಅರಚುತ್ತಿದ್ದ. "ಪೆಟಿಗ್ರೂನ ತೀರ ಹತ್ತಿರದವರೇ ಹೇಳಿದ ಮಾತಿದು. ಮೊಣಕಾಲು ತುಕ್ಕು ಹಿಡಿದ ಗೇಟಿನ ಹಾಗಾಗಿದೆ. ಎರಡು ವರ್ಷದಿಂದ ಡಾಕ್ಟರರಿಂದಲೇ ಮುಚ್ಚಿಟ್ಟಿದ್ದಾನೆ. ಇದಕ್ಕೆ ಏನಂತೀರಿ? ಮೋಸ ಅಂತ ನಾನಂತೀನಿ."

ಎಮಿಲ್ ಸ್ಪ್ಯಾನರನ್ನು ಯಂತ್ರದ ಮೇಲಿಟ್ಟ.

"ನೋಡ್ದಾ?" ಎಂದ ವಾಲ್ಟ್. "ಕುಂಟುಕಾಲು ಇಟ್ಕೊಂಡು ನಮ್ ದುಡ್ಡು ತಿಂತಿದ್ದ. ಈಗ ಯಾವ ಊರಿನ ತಂಡದೋರೂ ಅವನನ್ನ ಮೂಸಿ ನೋಡಲ್ಲ ಬಿಡು."

ಅದೇ ಮಧ್ಯಾಹ್ನ ವಾಲ್ಟ್ ಬೂದು ಬಣ್ಣದ ಡಬ್ಬಿ ತಂದು ಗ್ಯಾರೇಜಿನ ಬಾಗಿಲಿನ ಎಂಬತ್ತಮೂರರ ಮೇಲೆ ಬಳಿದ. ಚಳಿಗೆ ಬಣ್ಣ ಹಿಡಿಯದೆ ಸೋರಿತು, ಅಂಕೆ ಅರ್ಧ ಕಾಣುತ್ತಲೇ ಉಳಿಯಿತು. ಬಂದರಿನ ಬಾರಿನ ಮುಂದೆ ಯಾರೋ ಲಮಾರ್‌ನ ನಂಬರಿನ ಅಂಗಿಗಳನ್ನು ಕಸದ ಡ್ರಮ್ಮಿಗೆ ಹಾಕಿ ಸುಟ್ಟರು. ಸುಟ್ಟವರಲ್ಲಿ ಅರ್ಧ ಜನ, ಮಕ್ಕಳಿಗೆ ಅವನ ಹೆಸರಿಟ್ಟವರು. ನೈಲಾನು ಸುಟ್ಟ ನಾತ ಎರಡು ದಿನ ಬೀದಿ ಬಿಡಲಿಲ್ಲ.

ಅದಾದ ಮೇಲಿನ ಮೊದಲ ಶುಕ್ರವಾರ ಲಮಾರ್ ಎಂದಿನಂತೆ ಊಟಕ್ಕೆ ಬಂದ. ಈಸ್ಟರ್‌ಗೆ ಮುಂಚಿನ ಉಪವಾಸದ ತಿಂಗಳು, ಮಾಂಸವಿಲ್ಲ. ಇರ್ಮಾ ಪಿರೋಗಿಯ ತಟ್ಟೆ ಇಟ್ಟಳು. ಎಮಿಲ್ ಹುಳಿಕೆನೆಯ ಬಟ್ಟಲನ್ನು ಅವನತ್ತ ಸರಿಸಿದ. ಹೇಳಬೇಕೆಂದು ಬಾಯಿ ತೆರೆದ, ಉಪ್ಪು ಕೇಳಿದ.

ಎರಡನೇ ಶುಕ್ರವಾರ ಲಮಾರ್ ತಾನೇ ಮಾತು ತೆಗೆದ. "ಮಿಸ್ಟರ್ ಎಮಿಲ್, ನನ್ನ ಮೊಣಕಾಲು ರೇಡಿಯೋ ತನಕ ಹೋಗಿದೆ. ಹೇಗೆ ಹೋಯ್ತೋ."

"ರೇಡಿಯೋದವರಿಗೇನು, ಬಾಯಿಗೆ ಬಂದದ್ದು ಒದರ್ತಾರೆ" ಎಂದ ಎಮಿಲ್. ಬಾಯಲ್ಲಿದ್ದ ತುತ್ತು ಹಿಟ್ಟಿನ ಉಂಡೆಯ ಹಾಗೆ ಅತ್ತಿತ್ತ ಹೊರಳಿತು. ಅದನ್ನು ನುಂಗಲು ನೀರು ಕುಡಿದ.

ಲಮಾರ್ ಅವನನ್ನೇ ಒಂದು ಗಳಿಗೆ ನೋಡಿದ. "ಹೌದು" ಎಂದು ಮತ್ತೆ ತಟ್ಟೆಗೆ ತಲೆ ಬಗ್ಗಿಸಿದ.

ಮೂರನೇ ಶುಕ್ರವಾರ ಯಾರೂ ಆ ಮಾತೆತ್ತಲಿಲ್ಲ. ಲಮಾರ್ ಇರ್ಮಾಳ ಕೆನ್ನೆಗೆ ಮುತ್ತಿಟ್ಟು ಹೋದ ಮೇಲೆ ಅವಳು ತಟ್ಟೆಗಳನ್ನು ಸಿಂಕಿನಲ್ಲಿಟ್ಟು, ನಲ್ಲಿ ನಿಲ್ಲಿಸಿ, ಗಂಡನತ್ತ ತಿರುಗಿದಳು.

"ಹಿತ್ತಲ ತುಕ್ಕು ಹಿಡಿದ ಗೇಟು ಕಿರುಗುಟ್ಟಿದಾಗಲೆಲ್ಲ ಲಮಾರನ ಮೊಣಕಾಲು ಅಂತ ಈ ಮನೇಲಿ ಹೇಳೋರು ನೀವೊಬ್ಬರೇ."

ಎಮಿಲ್ ಮೇಜಿನ ಮೇಲಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡ.

"ಯಾರಿಗೆ ಹೇಳಿದ್ರಿ?"

"ರೆನ್‌ಫ್ರೂಗೆ. ಹೊಗಳೋಕೆ ಹೇಳಿದೆ ಕಣೆ. ದೇವರಾಣೆ, ಹೊಗಳೋಕೆ."

"ಅದು ಸರಿ. ಹೇಳಿದ್ದು ದಡ್ಡತನ, ಅದನ್ನ ಕ್ಷಮಿಸಬಹುದು" ಎಂದಳು ಇರ್ಮಾ. ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಹಿಂಡುತ್ತಿದ್ದಳು. "ಮೂರು ವಾರ ಅವನೆದುರಿಗೆ ಕೂತು ತಿಂದ್ರಲ್ಲ. ಬಡಿಸಿದವಳು ನಾನು. ಥೂ, ನನ್ನ ಕೈ ನೋಡಿದ್ರೆ ನನಗೇ ಹೇಸಿಗೆ ಆಗತ್ತೆ. ನೀವು ಹೇಳ್ತೀರೋ, ನಾನು ಹೇಳಲೋ?"

"ನಾನೇ ಹೇಳ್ತೀನಿ."

ಹೇಳುತ್ತೇನೆಂದವನು ಶನಿವಾರ ಹೋಗಲಿಲ್ಲ. ಭಾನುವಾರ ಚರ್ಚಿನಿಂದ ನೇರ ಹೋಗುತ್ತೇನೆಂದವನು ಆಗಲೂ ಹೋಗಲಿಲ್ಲ. ಇರ್ಮಾ ಅವನ ತಟ್ಟೆಯನ್ನು ಮೇಜಿನ ಮೇಲಿಟ್ಟು ತಾನು ಬೇರೆ ಕೋಣೆಯಲ್ಲಿ ಉಣ್ಣತೊಡಗಿದಳು. ಮಂಗಳವಾರ ರೆನ್‌ಫ್ರೂ ಮತ್ತೆ ಕರೆಸಿದ. ಈ ಸಲ ಕುರ್ಚಿ ಎಳೆಯಲಿಲ್ಲ.

"ನಾಳೆ ಲಮಾರ್‌ನ ಕಳಿಸ್ತಿದೀವಿ. ಅರ್ಧ ಸಂಬಳಕ್ಕೆ ಇರು ಅಂದ್ವಿ, ಒಪ್ಪಲಿಲ್ಲ. ಫೋನಲ್ಲೇ ಮುಗಿಸಬಹುದಿತ್ತು. ಆದ್ರೆ ಹದಿಮೂರು ವರ್ಷದ ಸಂಬಂಧ ನೋಡಿ, ಮರ್ಯಾದೆಯಿಂದ ಮಾಡೋಣ ಅಂತ. ಬೆಳಿಗ್ಗೆ ಹತ್ತಕ್ಕೆ ನೀವು ಹೋಗಿ ಬಾಗಿಲು ತಟ್ಟಿ. ಜೊತೆಗೆ ಕ್ಯಾಮೆರಾದವರು ಇರ್ತಾರೆ."

"ಕ್ಯಾಮೆರಾ?"

"ಅಭಿಮಾನಿಗಳಿಗೆ ಒಂದು ಸಣ್ಣ ವಿಡಿಯೋ. ಬಾಗಿಲು ತಟ್ಟೋ ಸಂಪ್ರದಾಯ, ಇಬ್ಬರು ಹಳೇ ಸ್ನೇಹಿತರು, ಅಪ್ಕೋತೀರಿ. ಕಣ್ಣಲ್ಲಿ ನೀರು ಬಂದ್ರೆ ಬರಲಿ, ತಡೀಬೇಡಿ. ತಂಡದ ಜಾಕೆಟ್ ಹಾಕ್ಕೊಳ್ಳಿ, ಹೊಸದು ಕೊಡಿಸ್ತೀನಿ. ನೀವು ಹಾಕ್ಕೊಂಡಿರೋದು ಹಳೇದಾಗಿದೆ."

ಎಮಿಲ್ ಆ ಹಳೆಯ ಜಾಕೆಟ್ಟಿನ ಗುಂಡಿ ಹಾಕಿಕೊಂಡ. ಹೊರಗೆ ಬಂದ. ಬಟ್ಟೆ ಬದಲಿಸುವ ಕೋಣೆಯನ್ನು ದಾಟಿ ಹೋಗುವಾಗ ಲಮಾರ್‌ನ ಕಪಾಟು ತೆರೆದಿತ್ತು. ನಾಳೆಯ ಕೆಲಸಕ್ಕೆ ಇವತ್ತೇ ಕೈಹಾಕಿದ್ದರು. ಅವನ ಬೂಟು, ಕೈಗವಸು, ತಾಯಿಯ ಫೋಟೋ, ಎಲ್ಲ ಎರಡು ಕಪ್ಪು ಕಸದ ಚೀಲಗಳಲ್ಲಿ ತುಂಬಿ ಬಾಯಿಗೆ ಗಂಟು ಹಾಕಿದ್ದರು. ಯಾರೋ ಒಂದು ಚೀಲದ ಮೇಲೆ ಕಾಫಿ ಚೆಲ್ಲಿ ಒರೆಸದೆ ಹೋಗಿದ್ದರು. ಎಮಿಲ್ ಆ ಚೀಲಗಳನ್ನು ಎತ್ತಿಕೊಂಡು ವ್ಯಾನಿಗೆ ಹಾಕಿದ.

ಮರುದಿನ ಬೆಳಿಗ್ಗೆ ಏಳಕ್ಕೇ ಲಮಾರ್‌ನ ಮನೆಗೆ ಹೋದ. ಜಾಕೆಟ್ ಹಾಕಿರಲಿಲ್ಲ. ಯಾವಾಗಿನಂತೆ ಅಡುಗೆಕೋಣೆಯ ಕಡೆಯ ಬಾಗಿಲಿಂದ ಒಳಹೊಕ್ಕ. ಲಮಾರ್ ಎಡಗಾಲನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿಟ್ಟು ಕಾಫಿ ಕುಡಿಯುತ್ತ ಕೂತಿದ್ದ.

"ಕೂತ್ಕೊಳ್ಳಿ ಮಿಸ್ಟರ್ ಎಮಿಲ್."

"ಬೇಡ" ಎಂದ ಎಮಿಲ್. ಚೀಲಗಳನ್ನು ಗೋಡೆಗೆ ಒರಗಿಸಿದ. "ಇದು ನಿನ್ನ ಸಾಮಾನು. ನಿನ್ನನ್ನ ಇವತ್ತು ಕಳಿಸ್ತಿದಾರೆ. ಹತ್ತಕ್ಕೆ ಕ್ಯಾಮೆರಾ ಬರತ್ತೆ, ನಾನು ಅವರ ಜೊತೆ ಬರಲ್ಲ. ಬಾಗಿಲು ತಟ್ಟೋಕೆ ಇನ್ನು ಯಾರ ಮನೆಗೂ ಹೋಗಲ್ಲ. ಅದು ಬಿಡು. ನಾನು ಬಂದಿದ್ದು ಬೇರೆ ಹೇಳೋಕೆ."

ಹೇಳಿದ. ರೆನ್‌ಫ್ರೂ ಕುರ್ಚಿ ಎಳೆದುಕೊಟ್ಟದ್ದು, ತನ್ನ ಎದೆ ಉಬ್ಬಿದ್ದು, ತಣ್ಣೀರು, ಮೆಟ್ಟಿಲು, ಡಾಕ್ಟರು, ಒಂದನ್ನೂ ಬಿಡದೆ ಹೇಳಿದ. ತಾನು ಒಳ್ಳೆಯದಕ್ಕೇ ಹೇಳಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ದಾರಿಯುದ್ದಕ್ಕೂ ಆ ಮಾತನ್ನು ನಾಲಿಗೆಯ ಮೇಲಿಟ್ಟುಕೊಂಡು ಬಂದಿದ್ದ, ಇಲ್ಲಿ ಬಂದು ನಿಂತಾಗ ಅದು ಹಳಸಿದ ವಾಸನೆ ಹೊಡೆಯಿತು.

ಲಮಾರ್ ಕಾಫಿಯ ಕಪ್ಪನ್ನು ಕೆಳಗಿಟ್ಟ. "ಗೊತ್ತು ಮಿಸ್ಟರ್ ಎಮಿಲ್."

"ಗೊತ್ತಾ?"

"ಮೊದಲನೇ ಶುಕ್ರವಾರಕ್ಕೂ ಎರಡು ದಿನ ಮುಂಚೆ ರೆನ್‌ಫ್ರೂ ನನ್ನನ್ನ ಕರೆಸಿದ್ದ. ಅರ್ಧ ಸಂಬಳಕ್ಕೆ ಒಪ್ಪಿಸೋಕೆ. ನಿಮ್ಮ ಹೆಸರು ಹಿಡಿದೇ ಹೇಳಿದ. ಎಮಿಲ್ಲೇ ಹೇಳಿದಾನೆ, ಬೇಕಾದ್ರೆ ಕೇಳ್ಕೋ ಅಂದ."

ಎಮಿಲ್ ಜಾರುತ್ತಿದ್ದ ಚೀಲವೊಂದನ್ನು ಗೋಡೆಗೆ ಸರಿಸಿಟ್ಟ. "ಗೊತ್ತಿದ್ದೂ ಊಟಕ್ಕೆ ಬಂದೆ."

"ಬಂದೆ. ಹೊಗಳೋಕೇ ಹೇಳಿರ್ತೀರಿ ಅಂತ ಅವತ್ತೇ ಅಂದ್ಕೊಂಡೆ. ಈ ಊರೋರು ನನ್ನ ಹೊಗಳೋದೇ ಹಾಗೆ. ನಾನೂ ಅದಕ್ಕೇ ಅಲ್ವಾ ಮುಚ್ಚಿಟ್ಟು ಆಡಿದ್ದು." ಲಮಾರ್ ಬಕೆಟ್ಟಿನಿಂದ ಕಾಲು ತೆಗೆದು ಟವಲಿನಿಂದ ನಿಧಾನವಾಗಿ ಒತ್ತಿಕೊಂಡ. ಮೊಣಕಾಲು ಹೂಕೋಸಿನ ಹಾಗೆ ಉಬ್ಬಿ ಕೆಂಪಾಗಿತ್ತು. "ಹೇಳ್ತೀರಿ ಅಂತ ಕಾದೆ. ಮೂರು ಶುಕ್ರವಾರ ಕಾದೆ. ಎರಡನೇ ಸಲ ನಾನೇ ದಾರಿ ಮಾಡಿಕೊಟ್ಟೆ."

"ಹೌದು, ಮಾಡಿಕೊಟ್ಟೆ" ಎಂದ ಎಮಿಲ್.

"ನಿಮ್ಮ ಬಾಯಿಂದ ಬಂದಿದ್ರೆ ನಗ್ತಿದ್ದೆ ನಾನು. ಮುದುಕಪ್ಪ, ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೋ ಅಂತ ಬೈದು ಇನ್ನೆರಡು ಪಿರೋಗಿ ಹಾಕಿಸ್ಕೋತಿದ್ದೆ."

"ಈಗ?"

ಲಮಾರ್ ಟವಲನ್ನು ಮಡಚಿ ಮೇಜಿನ ಮೇಲಿಟ್ಟ. ಹೊರಗೆ ಸರೋವರದ ಹಿಮ ಬಿರಿಯುವ ಸದ್ದು ಕೇಳುತ್ತಿತ್ತು. "ಈಗ ನಿಮ್ಮೆದುರು ಕೂತ್ರೆ ಊಟ ಸೇರಲ್ಲ. ಸಿಟ್ಟಲ್ಲ ಇದು. ಸಿಟ್ಟಾಗಿದ್ರೆ ಇಳೀತಿತ್ತು."

"ಇರ್ಮಾಗೆ ಏನು ಹೇಳಲಿ?"

"ನೀವೇನೂ ಹೇಳಬೇಡಿ. ಮಿಸ್ ಇರ್ಮಾಗೆ ನಾನೇ ಫೋನ್ ಮಾಡ್ತೀನಿ. ಕ್ಯಾಮೆರಾ ಬರೋ ಹೊತ್ತಿಗೆ ನಾನು ಇಲ್ಲಿರಲ್ಲ. ತಂಗಿ ಮನೆಗೆ ಹೊರಟೆ."

ಎಮಿಲ್ ತಲೆಯಾಡಿಸಿದ. ಕೈಚಾಚಬೇಕೇ ಬೇಡವೇ ಎಂದು ತಿಳಿಯದೆ ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಹಿರಿಯರು ಹೊರಡುವಾಗ ಕೂತಿರಬಾರದೆಂದು ಬೆಳೆದವನು ಲಮಾರ್. ಆ ಕಾಲಿನಲ್ಲೇ ಎದ್ದ, ಮೇಜು ಹಿಡಿದು, ಕುಂಟುತ್ತ ಬಂದು, ಒದ್ದೆ ಹೆಜ್ಜೆಗಳನ್ನು ನೆಲದ ಮೇಲೆ ಬಿಡುತ್ತ ಬಾಗಿಲು ತೆರೆದು ಹಿಡಿದ. ಮುಖ ಮಾತ್ರ ಸರೋವರದ ಕಡೆಗಿತ್ತು.

"ಮೆಟ್ಟಿಲ ಮೇಲೆ ಮಂಜು ಕಟ್ಟಿದೆ" ಎಂದ. "ನೋಡ್ಕೊಂಡು ಇಳೀರಿ."

ಎಮಿಲ್ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ವ್ಯಾನಿನ ಕಡೆಗೆ ನಡೆದ.